ಸಕ್ಕರ್ ಮೀನಿನ ಹೊಟ್ಟೆ ಮತ್ತು ಫಿಲ್ಟರಿನ ಸ್ಪಂಜು

ಮನೆಯ ಟ್ಯಾಂಕಿನ ಗಾಜಿಗೆ ಬಾಯಿಯಿಂದ ಅಂಟಿ ಕೂರುವ ಸಕ್ಕರ್ ಮೀನು ಮಾರುವವರು ‘ಇದಕ್ಕೇನೂ ಹಾಕೋದು ಬ್ಯಾಡ್ರಿ, ಪಾಚಿ ತಿಂದು ಇರ್ತದ’ ಅಂತ ಹೇಳಿ ಕಳಿಸುತ್ತಾರೆ. ಆ ಮಾತು ನಂಬಬೇಡಿರಿ. ಎರಡು ಫೂಟಿನ ಟ್ಯಾಂಕಿನ ಗಾಜಿಗೆ ಹತ್ತಿದ ಪಾಚಿ ನಾಲ್ಕಿಂಚಿನ ಮೀನಿಗೆ ಕೆಲವೇ ದಿನದ ಊಟ. ಅದು ತೀರಿತೆಂದರೆ ಗಾಜು ಹೊಳೆಯುತ್ತದೆ, ಮೀನು ಸೊರಗುತ್ತದೆ. ಹಸಿದ ಸಕ್ಕರ್ ರಾತ್ರಿ ಗೋಲ್ಡ್‌ಫಿಶ್‌ನ ಮೈಗೆ ಅಂಟಿಕೊಂಡು ಅದರ ಲೋಳೆ ಹೀರುವುದೂ ಉಂಟು. ಮುಂಜಾನೆ ಗೋಲ್ಡ್‌ಫಿಶ್‌ನ ಪಕ್ಕೆಯ ಮೇಲೆ ಕೆಂಪು ಗಾಯ ಕಂಡರೆ, ಔಷಧ ತರುವ ಮೊದಲು ಸಕ್ಕರ್ ಗಾಜಿಗೆ ಹತ್ತಿ ಕೂತಾಗ ಅದರ ಹೊಟ್ಟೆ ನೋಡಿರಿ. ತುಸು ಉಬ್ಬಿದ್ದರೆ ಸರಿ. ಗುಳಿ ಬಿದ್ದು, ಕಣ್ಣೂ ಒಳಗೆ ಹೋಗಿದ್ದರೆ ಉಪವಾಸ ಬಿದ್ದಿದೆ ಎಂದೇ ಅರ್ಥ.

ಇದಕ್ಕೆ ಬೇಕಾದದ್ದು ನಿಮ್ಮ ಅಡುಗೆಮನೆಯಲ್ಲೇ ಇದೆ. ಸೌತೆಕಾಯಿ ಸಿಪ್ಪೆ ಹೆರೆದು ಅರ್ಧ ಇಂಚು ದಪ್ಪದ ಒಂದು ಬಿಲ್ಲೆ ಹಸಿಯಾಗಿಯೇ ಹಾಕಬಹುದು. ಹೀರೇಕಾಯಿಯನ್ನು ಕುದಿಯುವ ನೀರಿನಲ್ಲಿ ಎರಡು ನಿಮಿಷ, ಕುಂಬಳಕಾಯಿಯನ್ನು ನಾಲ್ಕೈದು ನಿಮಿಷ ಬೇಯಿಸಿ ಆರಿಸಬೇಕು. ಪಾಲಕ್ ಎಲೆಗೆ ಅರ್ಧ ನಿಮಿಷ ಸಾಕು. ಉಪ್ಪು, ಎಣ್ಣೆ ಸೋಕಬಾರದು. ತುಂಡು ತೇಲುತ್ತದೆ, ಅದಕ್ಕೆ ಒಂದು ಸ್ಟೀಲ್ ಫೋರ್ಕ್ ಚುಚ್ಚಿ ತಳಕ್ಕೆ ಬಿಡಿರಿ. ಸಕ್ಕರ್ ರಾತ್ರಿ ತಿರುಗಾಡುವ ಮೀನು, ಹಗಲಲ್ಲಿ ಹಾಕಿದ್ದನ್ನು ಉಳಿದ ಮೀನುಗಳೇ ಮುಗಿಸಿಬಿಡುತ್ತವೆ. ಹಾಗಾಗಿ ಲೈಟ್ ಆರಿಸಿದ ಮೇಲೆ ಹಾಕಿ, ಮುಂಜಾನೆ ಉಳಿದ ಸಿಪ್ಪೆ, ಬೀಜ ಎಲ್ಲ ತೆಗೆಯಿರಿ. ಕಾಯಿಪಲ್ಲೆ ದಿನ ಬಿಟ್ಟು ದಿನ ಸಾಕು. ನಡುವಿನ ರಾತ್ರಿ ತಳಕ್ಕೆ ಮುಳುಗುವ ಪಾಚಿ ಬಿಲ್ಲೆ, ಅಂಗಡಿಯಲ್ಲಿ ವೇಫರ್ ಅನ್ನುತ್ತಾರಲ್ಲ, ಅದು ಮೀನಿಗೊಂದು. ಬರೀ ಸೌತೆಕಾಯಿ ಕೊಟ್ಟರೆ ಹೊಟ್ಟೆ ತುಂಬುತ್ತದೆಯೇ ಹೊರತು ಮೈ ಹಿಡಿಯುವುದಿಲ್ಲ, ಅದರಲ್ಲಿರುವುದು ನೀರೇ.

ಮೀನು ಆರಿಸುವಾಗಲೇ ಒಂದು ಲೆಕ್ಕ ಇರಲಿ. ಸಾಮಾನ್ಯವಾಗಿ ಸಿಗುವ ಸಕ್ಕರ್ ಬೆಳೆದರೆ ಒಂದು ಫೂಟು ದಾಟುತ್ತದೆ, ಎರಡು ಫೂಟಿನ ಟ್ಯಾಂಕು ಅದಕ್ಕೆ ಸಾಲದು. ಮೂಗಿನ ಮೇಲೆ ಮೀಸೆಯಂಥ ಎಳೆ ಬರುವ ಬ್ರಿಸಲ್‌ನೋಸ್ ಸಿಕ್ಕರೆ ಅದನ್ನೇ ತನ್ನಿರಿ, ನಾಲ್ಕೈದು ಇಂಚಿಗೆ ನಿಲ್ಲುತ್ತದೆ. ದೊಡ್ಡದಾಯಿತೆಂದು ಕಲಬುರಗಿಯ ಶರಣಬಸವೇಶ್ವರ ಕೆರೆಗೋ ಭೀಮಾ ನದಿಗೋ ಬಿಟ್ಟು ಪುಣ್ಯ ಕಟ್ಟಿಕೊಂಡೆ ಅನ್ನಬೇಡಿರಿ. ದಂಡೆಯಲ್ಲಿ ಬಿಲ ಕೊರೆದು ಮೊಟ್ಟೆಯಿಡುವ ಪರದೇಶಿ ಮೀನು ಅದು. ಊರಿನ ಮೀನಿಗೆ ಮೇವು ಉಳಿಸುವುದಿಲ್ಲ.

ಹೆಚ್ಚು ತಿನ್ನುವ ಮೀನು ಹೆಚ್ಚು ಹೊಲಸು ಮಾಡುತ್ತದೆ. ಸಕ್ಕರ್‌ನ ದಾರದಂಥ ಹಿಕ್ಕೆ ತಳದಲ್ಲಿ ಬಿದ್ದು, ಪುಡಿಯಾಗಿ, ಫಿಲ್ಟರಿನ ಸ್ಪಂಜಿನಲ್ಲಿ ಸೇರುತ್ತದೆ. ಪಾಚಿ ತಿನ್ನುವ ಮೀನು ತಂದಮೇಲೆ ಫಿಲ್ಟರಿನ ಕೆಲಸ ಕಮ್ಮಿ ಆಗುವುದಿಲ್ಲ, ಹೆಚ್ಚೇ ಆಗುತ್ತದೆ. ಆದರೆ ಸ್ಪಂಜನ್ನು ಬಟ್ಟೆ ಒಗೆದಂತೆ ನಳದ ಕೆಳಗೆ ಹಿಡಿದು ತೊಳೆದರೆ ಕೆಟ್ಟಿತು. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಇರುವುದು ಆ ಕಂದು ಲೋಳೆಯಲ್ಲೇ. ನಳದ ನೀರಿನ ಕ್ಲೋರಿನ್ ಅದನ್ನು ಕೊಲ್ಲುತ್ತದೆ. ಸ್ಪಂಜು ಹೊಸದರಂತೆ ಬೆಳ್ಳಗಾದ ಒಂದೆರಡು ದಿನಕ್ಕೆ ಟ್ಯಾಂಕು ಹಾಲು ಬೆರೆಸಿದಂತಾಗಿ, ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಹಾಗಾದರೆ ಎರಡು ದಿನ ಊಟ ನಿಲ್ಲಿಸಿ, ದಿನಕ್ಕೆ ಕಾಲು ಭಾಗ ನೀರು ಬದಲಿಸಿ, ಏರ್ ಪಂಪ್ ಹಗಲು ರಾತ್ರಿ ನಡೆಸಿರಿ.

ತೊಳೆಯುವ ರೀತಿ ಹೀಗೆ. ಐವತ್ತು ಲೀಟರಿನ ಟ್ಯಾಂಕಿನಿಂದ ಪೈಪ್ ಹಾಕಿ, ತಳದ ಹಿಕ್ಕೆ ಸಮೇತ ಹತ್ತು ಲೀಟರ್ ಬಕೆಟ್ಟಿಗೆ ಎಳೆಯಿರಿ. ಪ್ಲಗ್ ಕಿತ್ತು, ಸ್ಪಂಜು ತೆಗೆದು, ಅದೇ ನೀರಿನಲ್ಲಿ ಎರಡು ಮೂರು ಸಲ ಹಿಂಡಿರಿ. ಕಂದು ಬಣ್ಣ ಉಳಿದರೆ ಉಳಿಯಲಿ. ಎರಡು ಸ್ಪಂಜಿದ್ದರೆ ಒಂದನ್ನು ಈ ವಾರ, ಇನ್ನೊಂದನ್ನು ಮುಂದಿನ ವಾರ. ಎರಡು ಮೂರು ವಾರಕ್ಕೊಮ್ಮೆ ಅಂದುಕೊಂಡರೂ ನಿಜವಾದ ಗುರುತು ಫಿಲ್ಟರಿನಿಂದ ಬರುವ ನೀರಿನ ಧಾರೆಯೇ, ಅದು ಸಣ್ಣಗಾದರೆ ತೊಳೆಯುವ ಹೊತ್ತು ಬಂತು. ಬ್ಯಾಕ್ಟೀರಿಯಾ ಕೂರಲೆಂದು ಫಿಲ್ಟರಿನಲ್ಲಿ ಹಾಕುವ ಸೆರಾಮಿಕ್ ರಿಂಗನ್ನು ಎರಡು ಮೂರು ತಿಂಗಳಿಗೊಮ್ಮೆ ಬರೀ ಅದ್ದಿ ತೆಗೆದರೆ ಆಯಿತು. ಸೋಪು ಯಾವುದಕ್ಕೂ ಮುಟ್ಟಿಸಬೇಡಿರಿ. ಬಕೆಟ್ಟಿನ ಕರಿ ನೀರು ತುಳಸಿಗೋ ಕರಿಬೇವಿಗೋ ಒಳ್ಳೆ ಗೊಬ್ಬರ. ತುಂಬಿಸುವ ನಳದ ನೀರನ್ನು ಹಿಂದಿನ ದಿನವೇ ಹಿಡಿದು ಬಾಯಿ ತೆರೆದಿಡಿರಿ, ಇಲ್ಲವೇ ಆಂಟಿ ಕ್ಲೋರಿನ್ ಹನಿ ಹಾಕಿರಿ.

ಸ್ಪಂಜು ಚೊಕ್ಕ ಇದ್ದೂ ಧಾರೆ ಬರದಿದ್ದರೆ, ಅಥವಾ ಮೋಟರು ಗರಗರ ಅಂದರೆ, ತೊಂದರೆ ಒಳಗಿನ ಪಂಖದ್ದು. ಅದರ ಮುಚ್ಚಳ ತಿರುವಿ, ಅಯಸ್ಕಾಂತದ ಗುಂಡನ್ನು ಮೆಲ್ಲಗೆ ಎಳೆದರೆ ಪಂಖ ಹೊರಗೆ ಬರುತ್ತದೆ. ಅದು ಕೂರುವ ಕುಳಿಯಲ್ಲಿ ಲೋಳೆ, ಪಂಖದ ಮೈಗೆ ಬಿಳಿ ಸುಣ್ಣ. ಲೋಳೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ. ಸುಣ್ಣಕ್ಕೆ ಅರ್ಧ ತಾಸು ನಿಂಬೆರಸ ಇಲ್ಲವೇ ವಿನೆಗರಿನಲ್ಲಿಟ್ಟು, ಚೆನ್ನಾಗಿ ಜಾಲಿಸಿ ಹಾಕಿರಿ. ನಡುವಿನ ಬಿಳಿ ಕಡ್ಡಿ ಸೆರಾಮಿಕ್‌ದು, ಓರೆ ಎಳೆದರೆ ಪಟ್ಟನೆ ಮುರಿಯುತ್ತದೆ.

ಕಲಬುರಗಿ ಕಡೆಯ ಬೋರಿನ ನೀರು ಬಹಳ ಕಡೆ ಗಡಸು, ಸುಣ್ಣ ಬೇಗ ಕಟ್ಟುತ್ತದೆ. ಅದರ ಮೇಲೆ ಅಂದಕ್ಕೆಂದು ಶಹಾಬಾದ್ ಫರಸಿಯ ತುಂಡು ಟ್ಯಾಂಕಿನಲ್ಲಿ ಇಟ್ಟರೆ ಇನ್ನಷ್ಟು ಗಡಸಾಗುತ್ತದೆ, ಆ ಕಲ್ಲೂ ಸುಣ್ಣದ್ದೇ. ಬೇರೆ ಕಲ್ಲು ಇಡುವ ಮೊದಲೂ ಎರಡು ಹನಿ ವಿನೆಗರ್ ಬಿಟ್ಟು ನೋಡಿರಿ, ನೊರೆ ಬಂದರೆ ಬೇಡ. ಬೇಸಿಗೆಯಲ್ಲಿ ನೀರು ಆರಿದಷ್ಟೂ ಮೇಲಿಂದ ಸುರಿಯುತ್ತ ಹೋದರೆ ಸುಣ್ಣ ಒಳಗೇ ಉಳಿಯುತ್ತದೆ, ಗಾಜಿನ ಮೇಲೆ ಬಿಳಿ ಗೆರೆ ಏಳುವುದು ಅದಕ್ಕೇ. ವಾರಕ್ಕೊಮ್ಮೆ ತೆಗೆದೇ ತುಂಬಿಸಿರಿ.

ಏಪ್ರಿಲ್, ಮೇ ತಿಂಗಳ ದೊಡ್ಡ ಕಷ್ಟ ಕರೆಂಟಿನದು. ಕಾದ ನೀರಿನಲ್ಲಿ ಪ್ರಾಣವಾಯು ಮೊದಲೇ ಕಮ್ಮಿ. ಫಿಲ್ಟರ್ ನಿಂತರೆ ತಂಬಿಗೆಯಿಂದ ನೀರೆತ್ತಿ ಒಂದು ಫೂಟು ಮೇಲಿಂದ ಹತ್ತು ಹದಿನೈದು ಸಲ ಸುರಿಯಿರಿ, ಅರ್ಧ ತಾಸಿಗೊಮ್ಮೆ. ಇನ್ವರ್ಟರ್ ಇದ್ದರೆ ಏರ್ ಪಂಪನ್ನು ಅದಕ್ಕೆ ಹಚ್ಚಿರಿ, ಸಣ್ಣ ಪಂಪು ತಿನ್ನುವುದು ನಾಲ್ಕೈದು ವ್ಯಾಟ್ ಅಷ್ಟೆ. ಡಬ್ಬಿಯಂಥ ಮುಚ್ಚಿದ ಫಿಲ್ಟರು ಮೂರ್ನಾಲ್ಕು ತಾಸು ನಿಂತಿದ್ದರೆ, ಕರೆಂಟ್ ಬಂದ ಕೂಡಲೇ ಚಾಲೂ ಮಾಡಬೇಡಿರಿ. ಒಳಗೆ ಕೊಳೆತ ನೀರು ಚೆಲ್ಲಿ, ಸ್ಪಂಜನ್ನು ಟ್ಯಾಂಕಿನ ನೀರಿನಲ್ಲಿ ಹಿಂಡಿ, ಆಮೇಲೆ ಹಚ್ಚಿರಿ. ಸೊಳ್ಳೆಗೆ ಸ್ಪ್ರೇ ಹೊಡೆಯುವಾಗ ಏರ್ ಪಂಪ್ ಬಂದ್ ಮಾಡಿ, ಟ್ಯಾಂಕು ಮುಚ್ಚಿರಿ, ಇಲ್ಲದಿದ್ದರೆ ಆ ವಿಷ ಗುಳ್ಳೆಯ ಜೊತೆ ನೀರಿಗೇ ಇಳಿಯುತ್ತದೆ. ಇನ್ನು, ಪ್ಲಗ್ಗಿಗೆ ಹೋಗುವ ವೈರು ಬೋರ್ಡಿಗಿಂತ ಕೆಳಗೆ ಜೋತು ಬಿದ್ದು ಮೇಲೇರುವಂತಿರಲಿ. ಹನಿ ಇಳಿದರೂ ಅಲ್ಲೇ ತೊಟ್ಟಿಕ್ಕುತ್ತದೆ, ಬೋರ್ಡಿಗೆ ಹೋಗುವುದಿಲ್ಲ.