ಹೆಸರು ಬಿಟ್ಟು ಹೊಲ ಹಿಡಿದೆ, ವಂಶ ಸಿಕ್ಕಿತು

ಹೊಲದ ಕಾಗದ ಹಿಡಿದು ವಂಶ ಹುಡುಕುತ್ತೇನೆ ಎಂದಾಗ ಬೀದರ್ ಜಿಲ್ಲೆಯ ಭಾಲ್ಕಿ ಕಡೆಯ ನಮ್ಮ ಬಳಗದವರು ನಂಬಲಿಲ್ಲ. ಇದೇ ಕೆಲಸದಲ್ಲಿ ಪಳಗಿದ ಗೆಳೆಯರೂ ಹೆಸರು ಹಾಕಿ ಹುಡುಕುವುದೊಂದೇ ದಾರಿ ಎಂದರು. ಈಗ ಆರು ತಲೆಮಾರು ಕಾಗದದ ಮೇಲೆ ನಿಂತಿವೆ, ಅದಕ್ಕೂ ಮೇಲಿನ ಎರಡು, ಮನೆಮನೆಗೆ ಬಂದು ವಂಶಾವಳಿ ಹೇಳುವ ಹೆಳವರ ಬಾಯಿಂದ ಬಂದವು. ಒಟ್ಟು ಮುನ್ನೂರ ಚಿಲ್ಲರೆ ಮಂದಿ. ನಮ್ಮ ಭಾಗದ ಒಕ್ಕಲು ಮನೆತನವೊಂದರ ಇಷ್ಟು ಗಟ್ಟಿ ವಂಶವೃಕ್ಷವನ್ನು ನಾನಂತೂ ಬೇರೆಲ್ಲೂ ನೋಡಿಲ್ಲ.

ಮೊದಲು ದುಡ್ಡು ಹೋದದ್ದು ಹೊರದೇಶದ ತಾಣವೊಂದರ ವರ್ಷದ ಚಂದಾಕ್ಕೆ, ಏಳೆಂಟು ಸಾವಿರ. ಅಲ್ಲಿದ್ದದ್ದು ಇಂಗ್ಲಿಷರ ಮದುವೆ, ದೀಕ್ಷಾಸ್ನಾನ, ಹಡಗಿನ ಪಟ್ಟಿ. ಆಮೇಲೆ ವಂಶ ಹುಡುಕುವ ತಾಣ ಫ್ಯಾಮಿಲಿಸರ್ಚ್‌ನ ಎಲ್ಲರೂ ತಿದ್ದಬಹುದಾದ ಮರಕ್ಕೆ ಕೈ ಹಾಕಿದೆ. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರು: ಶರಣಪ್ಪನ ಮಗ ಬಸಪ್ಪ, ಅವನ ಮಗ ಮತ್ತೆ ಶರಣಪ್ಪ. ಇಬ್ಬರೂ ಒಬ್ಬರೇ ಇರಬಹುದೆಂದು ಸೂಚನೆ ಬಂತು, ಒಪ್ಪಿಬಿಟ್ಟೆ. ಅಜ್ಜ ಮೊಮ್ಮಗನ ಹೆಂಡತಿಗೆ ಗಂಡನಾಗಿ ಕೂತ. ಬಿಡಿಸಲು ಎರಡು ತಿಂಗಳು ಬೇಕಾಯಿತು. ಈಗ ಮೂಲ ಮರ ನನ್ನ ಕಂಪ್ಯೂಟರಿನಲ್ಲಿರುವ ವಂಶವೃಕ್ಷದ ತಂತ್ರಾಂಶ ಗ್ರಾಂಪ್ಸ್‌ನಲ್ಲೇ ಇದೆ.

ಹೆಸರು ತಿರುಗಿ ತಿರುಗಿ ಬರುತ್ತದೆ, ಹೊಲ ಕದಲುವುದಿಲ್ಲ. ಅದಕ್ಕೇ ಪ್ರತಿ ಮನುಷ್ಯನಿಗೂ ಸರ್ವೆ ನಂಬರ್ ಕಟ್ಟಿದೆ. ಸರ್ಕಾರದ ‘ಭೂಮಿ’ ತಂತ್ರಾಂಶದಲ್ಲಿ 47/1, 47/2, 47/3 ಹೀಗೆ ಒಂದೊಂದು ಹಿಸ್ಸೆಯ (ಪಾಲಿನ) ಪಹಣಿ ತೆಗೆದು, ಅದರಲ್ಲಿರುವ ಮ್ಯುಟೇಷನ್ (ಖಾತೆ ಬದಲಾವಣೆ) ನಂಬರ್ ಬರೆದುಕೊಂಡು, ಆ ನಕಲು ತರಿಸಿದೆ. ಫೌತಿ (ಸಾವು) ಎಂದಿದ್ದರೆ ಸತ್ತವರು ಮತ್ತು ವಾರಸುದಾರರು ಒಂದೇ ಹಾಳೆಯಲ್ಲಿ ಸಿಗುತ್ತಾರೆ. ವಾಟ್ನಿ (ಪಾಲುಪಟ್ಟಿ) ಎಂದಿದ್ದರೆ ಅಣ್ಣತಮ್ಮಂದಿರು. ಕಂಪ್ಯೂಟರ್ ಪಹಣಿಗೂ ಹಿಂದಿನದಕ್ಕೆ ನನಗೆ ತಹಸೀಲಿನ ಅಭಿಲೇಖಾಲಯವೇ ಗತಿಯಾಯಿತು: ಕೈಬರಹದ ಪಹಣಿ, 1954-55ರ ಖಾಸ್ರಾ ಪಹಣಿ, ಅದರ ಹಿಂದೆ ಸೇತ್ವಾರ್, ಅಂದರೆ ಸರ್ವೆಯವರ ನಂಬರುವಾರು ಹೊಲಗಳ ಪಟ್ಟಿ. ಸೇತ್ವಾರ್ ಮೊದಲೇ ತರಿಸಿ. ಹಳೇ ನಂಬರ್, ಹೊಸ ನಂಬರ್ ಅಕ್ಕಪಕ್ಕ ಇರುವುದು ಅದರಲ್ಲೇ. ಅದಿಲ್ಲದೆ ನಾನು ನಾಲ್ಕು ತಿಂಗಳು ಬೇರೆಯವರ ಹೊಲದ ವಂಶ ಬರೆದೆ. ನಿಜಾಮರು ಸರದಾರರಿಗೆ ಬಿಟ್ಟುಕೊಟ್ಟ ಜಾಗೀರು, ಪಾಯಗಾ ಊರಾಗಿದ್ದರೆ 1949ಕ್ಕೂ ಹಿಂದಿನದು ದಿವಾನಿ (ನೇರ ಸರ್ಕಾರಿ) ತಹಸೀಲಿನ ದಫ್ತರದಲ್ಲಿ ಸಿಗಲಿಕ್ಕಿಲ್ಲ, ಅರ್ಜಿ ಹಾಕುವ ಮೊದಲು ಇದನ್ನು ವಿಚಾರಿಸಿಕೊಳ್ಳಿ.

ಖರ್ಚು ನಕಲಿಗಲ್ಲ, ಓದಿಸುವುದಕ್ಕೆ. ನಿಜಾಮರ ಕಾಲದ ಕಾಗದ ಉರ್ದುವಿನಲ್ಲಿವೆ. ಶಿಕಸ್ತಾ ಎಂಬ ಅವಸರದ ಉರ್ದು ಕೈಬರಹ ಓದುವ ಹಿರಿಯರು ಹಾಳೆಗೆ ಇನ್ನೂರೈವತ್ತು, ಮುನ್ನೂರು ತೆಗೆದುಕೊಂಡರು. ಓಡಾಟವೂ ಸೇರಿ ಇಪ್ಪತ್ತೆರಡು ಸಾವಿರದ ಹತ್ತಿರ ಬಿದ್ದಿರಬೇಕು. ಗೂಗಲ್ ಲೆನ್ಸ್ ಹಿಡಿದು ನೋಡಿದೆ. ಅಚ್ಚಿನ ಉರ್ದು ಒಂದಿಷ್ಟು ಓದುತ್ತದೆ, ಶಿಕಸ್ತಾಕ್ಕೆ ಕೈ ಎತ್ತುತ್ತದೆ. ಪದದ ನಡುವೆ ಬ, ಪ, ತ, ನ ನಾಲ್ಕಕ್ಕೂ ಒಂದೇ ಹಲ್ಲು, ವ್ಯತ್ಯಾಸವೆಲ್ಲ ಚುಕ್ಕೆಯಲ್ಲಿ. ಅವಸರದ ಕೈ ಚುಕ್ಕೆ ಬಿಟ್ಟಿದ್ದರೆ ‘ವಲ್ದ’ (ಇಂಥವನ ಮಗ) ಆದಮೇಲೆ ಬಂದವನು ಬಾಬಣ್ಣನೋ ಪಾಪಣ್ಣನೋ ಹೇಳಲಾಗದು. ಆಗಲೂ ತೀರ್ಪು ಕೊಡುವುದು ಸರ್ವೆ ನಂಬರೇ.

ಇಸವಿಯಲ್ಲೂ ಎಡವಿದೆ. ಇಂಗ್ಲಿಷ್ ಇಸವಿ ಮಾಡಲು, ಹಳೇ ಕಾಗದದ ಕಂದಾಯ ವರ್ಷವಾದ ಫಸಲಿಗೆಲ್ಲ 590 ಕೂಡಿಸಿದೆ, ದತ್ತು ಮತ್ತು ಫೌತಿ ಹಿಂದುಮುಂದಾದವು. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರ ಹಿಡಿಯುವ ತಿಂಗಳು ಆಜುರ್‌ನಿಂದ ಶುರು. ಡಿಸೆಂಬರ್‌ವರೆಗೆ 590, ಜನವರಿಯಿಂದ 591 ಕೂಡಿಸಬೇಕು. ತಾಳೆ ನೋಡಲು 1357ರ ಕೊನೆಯ ತಿಂಗಳು ಆಬಾನ್ ತೆಗೆದುಕೊಳ್ಳಿ: 1948ರ ಸೆಪ್ಟೆಂಬರ್, ರಜಾಕಾರರ ಹಾವಳಿ ಮುಗಿದ ತಿಂಗಳು. ಗ್ರಾಂಪ್ಸ್‌ನಲ್ಲಿ ಫಸಲಿ ಪಂಚಾಂಗವಿಲ್ಲ. ಇಂಗ್ಲಿಷ್ ದಿನಾಂಕವನ್ನು ‘ಇಂಥ ದಿನ ಮತ್ತು ಇಂಥ ದಿನದ ನಡುವೆ’ ಎಂದು ಹಾಕಿ, ಮೂಲ ಬರಹವನ್ನು ಟಿಪ್ಪಣಿಯಲ್ಲಿ ಇಡಿ. ಶಾಲೆಯ ದಾಖಲಾತಿಯಲ್ಲಿ ಜೂನ್ 1 ಕಂಡರೆ ಅದನ್ನು ಹುಟ್ಟಿದ ದಿನವೆಂದು ಬರೆಯಬೇಡಿ, ಅದು ಹೆಸರು ಹಚ್ಚಿಸಿದ ದಿನದ ಲೆಕ್ಕ.

ಹೆಣ್ಣುಮಕ್ಕಳು ಹಳೇ ಪಹಣಿಯಲ್ಲಿ ಕಾಣುವುದೇ ಇಲ್ಲ, ನನಗೆ ಬಹಳ ನೋವು ಕೊಟ್ಟ ಸಂಗತಿ ಇದು. 2005ರ ಉತ್ತರಾಧಿಕಾರ ತಿದ್ದುಪಡಿಯ ಮೇಲೆ ಚಿತ್ರ ಬದಲಾಗಿದೆ. ಹಕ್ಕು ಬಿಡುಗಡೆ ಪತ್ರದಲ್ಲಿ ಅಕ್ಕತಂಗಿಯರು ಗಂಡನ ಹೆಸರು, ಊರಿನ ಸಮೇತ ಸಿಗುತ್ತಾರೆ. ವಾಟ್ನಿ ದಾವೆಗಳ ತೀರ್ಪಿನಲ್ಲಂತೂ ಮೂಲಪುರುಷನಿಂದ ಇಳಿದ ವಂಶಾವಳಿಯನ್ನೇ ಬರೆದಿರುತ್ತಾರೆ. ಹೈಕೋರ್ಟಿನ ಕಲಬುರಗಿ ಪೀಠದ ತೀರ್ಪುಗಳು ಆನ್‌ಲೈನಿನಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಪಕ್ಷಗಾರರ ಹೆಸರಿಗಿಂತ ಊರ ಹೆಸರನ್ನು ನಾಲ್ಕಾರು ಕಾಗುಣಿತದಲ್ಲಿ ಹಾಕಿ ನೋಡಿ. ಅದರ ಜೊತೆಗೆ ನಾನು ಸೇರಿಸುವ ಇನ್ನೊಂದು ಪದವಿದೆ. ನಮ್ಮ ಬಳಗದ ಕೆಲಸ ಮುಗಿಯುವವರೆಗೆ ಅದು ನನ್ನಲ್ಲೇ ಇರಲಿ.

ಹೆಳವರು ಇಸವಿ ಹೇಳುವುದಿಲ್ಲ, ಆದರೆ ಅವರ ಸರಣಿ ತಪ್ಪುವುದು ಅಪರೂಪ. ಸುಗ್ಗಿ ಮುಗಿದು ಬಂದಾಗ ಜೋಳ, ಕಾಣಿಕೆ ಕೊಟ್ಟು, ಒಪ್ಪಿಗೆ ಕೇಳಿ ಫೋನಿನಲ್ಲಿ ಧ್ವನಿ ಮುದ್ರಿಸಿಕೊಂಡೆ. ನಡುವೆ ಪ್ರಶ್ನೆ ಹಾಕಬೇಡಿ, ಎಳೆ ತುಂಡಾದರೆ ಮೊದಲಿನಿಂದ ಹೇಳಬೇಕಾಗುತ್ತದೆ. ಖಾಸ್ರಾದಲ್ಲಿ ಅಣ್ಣತಮ್ಮಂದಿರು ಮೂವರು, ಹೆಳವರು ನಾಲ್ವರೆಂದರು. ನಾಲ್ಕನೆಯವನು ನಿಲಂಗಾ ಕಡೆ ಹೋದನಂತೆ. 1956ರವರೆಗೆ ನಿಲಂಗಾ, ಉದಗೀರ ಬೀದರ್ ಜಿಲ್ಲೆಯಲ್ಲೇ ಇದ್ದವು, ಈಗ ಲಾತೂರಿಗೆ ಸೇರಿವೆ. ಹುಡುಕಬೇಕಾದ್ದು ಮಹಾರಾಷ್ಟ್ರದ ಪಹಣಿಯಾದ ಸಾತ್‌ಬಾರಾದಲ್ಲಿ. ಹುಡುಕಿದೆ, ಅಡ್ಡಹೆಸರಿನ ಜಾಗದಲ್ಲಿ ನಮ್ಮೂರ ಹೆಸರಿಗೆ, ಇಂಥ ಊರಿನವನು ಎನ್ನುವ ಮರಾಠಿಯ ‘ಕರ್’ ಹತ್ತಿತ್ತು.