ಅರ್ಧ ತೂಕದ ತಳಫಲಕ: ಸ್ಫೋಟ ತಡೆಯುವ ಸಂಯುಕ್ತ ವಸ್ತುವಿನೊಂದಿಗೆ ನನ್ನ ಅನುಭವ

ಸೇನಾ ವಾಹನದ ತಳದಲ್ಲಿರುವ ಉಕ್ಕಿನ ತಗಡನ್ನು ತೆಗೆದು, ಅದರ ಜಾಗದಲ್ಲಿ ಗಾಜಿನ ನಾರು ಮತ್ತು ಎಪಾಕ್ಸಿ ರೆಸಿನ್ (ಒಣಗಿ ಗಟ್ಟಿಯಾಗುವ ಅಂಟುದ್ರವ) ಸೇರಿಸಿ ಮಾಡಿದ ಸಂಯುಕ್ತ ವಸ್ತುವಿನ ಫಲಕವನ್ನು ಕೂರಿಸಲು ಸಾಧ್ಯವೇ ಎಂದು ನೋಡುವ ಕೆಲಸ ನಮ್ಮ ತಂಡಕ್ಕೆ ಬಂದಾಗ, ನಾನು ಮೊದಲು ಕೂತದ್ದು ಲೆಕ್ಕ ಹಾಕಲು. 10 ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಒಂದು ಚದರ ಮೀಟರಿಗೆ 78.5 ಕಿಲೋ ತೂಗುತ್ತದೆ. 20 ಮಿಲಿಮೀಟರ್ ದಪ್ಪದ ಗಾಜುನಾರಿನ ಫಲಕ ಸುಮಾರು 38 ಕಿಲೋ. ನೇಯ್ದ ಗಾಜುನಾರಿನ ಫಲಕದ ಸ್ಥಿತಿಸ್ಥಾಪಕ ಗುಣಾಂಕ, ಅಂದರೆ ವಸ್ತುವಿನ ಬಿಗಿತದ ಅಳತೆ, ಉಕ್ಕಿನದಕ್ಕಿಂತ ಸುಮಾರು ಎಂಟು ಪಟ್ಟು ಕಡಿಮೆ, ಆದರೆ ಬಾಗುವಿಕೆಗೆ ಒಡ್ಡುವ ಪ್ರತಿರೋಧ ದಪ್ಪದ ಘನಕ್ಕೆ ಅನುಗುಣವಾಗಿ ಏರುವುದರಿಂದ, ದಪ್ಪ ಇಮ್ಮಡಿಯಾದರೆ ಆ ಕೊರತೆ ತುಂಬಿಹೋಗುತ್ತದೆ. ಅಷ್ಟೇ ಬಿಗಿ, ಅರ್ಧ ತೂಕ. ಆ ಹಾಳೆಯನ್ನು ನಾನು ಬಹಳ ಸಂತೋಷದಿಂದಲೇ ತಂಡದ ಮುಂದಿಟ್ಟೆ.

ಆ ಲೆಕ್ಕ ತಪ್ಪಾಗಿರಲಿಲ್ಲ, ಆದರೆ ಅದು ನಿಂತ ಭಾರವನ್ನು ಹೊರುವ ಹಲಗೆಯ ಲೆಕ್ಕವಾಗಿತ್ತು. ನೆಲದಡಿ ಸ್ಫೋಟವಾದಾಗ ಫಲಕದ ಮೇಲೆ ಬೀಳುವ ಹೊಡೆತ, ಅದು ಪೂರ್ತಿ ಬಾಗುವುದಕ್ಕೆ ಬಹಳ ಮುಂಚೆಯೇ ಹೆಚ್ಚುಕಡಿಮೆ ಮುಗಿದುಹೋಗಿರುತ್ತದೆ. ಬಿಸಿ ಅನಿಲ ಮತ್ತು ಮೇಲೆದ್ದ ಮಣ್ಣು ಸೇರಿ ಫಲಕಕ್ಕೆ ಒಂದಿಷ್ಟು ಆವೇಗವನ್ನು (ತೂಕ ಮತ್ತು ವೇಗದ ಗುಣಲಬ್ಧ) ಕೊಟ್ಟು ಸರಿಯುತ್ತವೆ. ಆ ಆವೇಗ ಅಷ್ಟೇ ಇದ್ದು ಫಲಕದ ತೂಕ ಅರ್ಧವಾದರೆ ಅದರ ವೇಗ ಇಮ್ಮಡಿಯಾಗುತ್ತದೆ, ಅದರೊಂದಿಗೆ ಚಲನಶಕ್ತಿಯೂ ಇಮ್ಮಡಿಯಾಗುತ್ತದೆ. ತೂಕದಲ್ಲಿ ಉಳಿಸಿದ್ದಕ್ಕೆ ಪ್ರತಿಯಾಗಿ ಫಲಕ ಎರಡು ಪಟ್ಟು ಶಕ್ತಿಯನ್ನು ತನ್ನೊಳಗೆ ಅರಗಿಸಿಕೊಳ್ಳಬೇಕು. ಗುಂಡು ತಡೆಯುವ ಕವಚದ ಕೆಲಸದಿಂದ ಬಂದ ನನ್ನಂಥವರಿಗೆ ಇದು ಒಗ್ಗಲು ಸಮಯ ಹಿಡಿಯಿತು, ಏಕೆಂದರೆ ಅಲ್ಲಿ ಹೋರಾಟ ಒಂದು ಬಿಂದುವಿನಲ್ಲಿ ನಡೆಯುತ್ತದೆ, ಇಲ್ಲಿ ಇಡೀ ಫಲಕ ಒಮ್ಮೆಲೇ ಹಾರಲು ಹೊರಡುತ್ತದೆ.

ನಾರಿನ ಆಯ್ಕೆಯನ್ನು ನಿರ್ಧರಿಸಿದ್ದೂ ಇದೇ ಲೆಕ್ಕ. ಕಾರ್ಬನ್ ನಾರು ಬಿಗಿಯಾಗಿದೆ, ಹಗುರವಾಗಿದೆ, ಆದರೆ ಶೇಕಡಾ ಒಂದೂವರೆ ಎರಡರಷ್ಟು ಹಿಗ್ಗುವಷ್ಟರಲ್ಲಿ ತುಂಡಾಗುತ್ತದೆ. ಗಾಜಿನ ನಾರು ಶೇಕಡಾ ನಾಲ್ಕಕ್ಕೂ ಹೆಚ್ಚು ಹಿಗ್ಗಿ ಶಕ್ತಿಯನ್ನು ಹೀರುತ್ತದೆ. ಪಾಲಿಎಥಿಲೀನ್ ನಾರು ನೀರಿಗಿಂತಲೂ ಹಗುರ, ಆದರೆ 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುವ ಅದನ್ನು ಹೊಗೆಕೊಳವೆ ಹಾದುಹೋಗುವ ತಳದಲ್ಲಿ ಇಡಲು ನಾನು ಒಪ್ಪಲಿಲ್ಲ. ಗುಂಡು ತಡೆಯುವ ಅಂಗಿಗಳಲ್ಲಿ ಬಳಸುವ ಅರಾಮಿಡ್ ನಾರನ್ನು ಚೂರುಗಳನ್ನು ತಡೆಯುವ ಒಳಪದರಕ್ಕೆ ಮಾತ್ರ ಉಳಿಸಿಕೊಂಡೆವು.

ಫಲಕಗಳನ್ನು ನಾವೇ ವ್ಯಾಕ್ಯೂಮ್ ಇನ್‌ಫ್ಯೂಷನ್ ವಿಧಾನದಲ್ಲಿ, ಅಂದರೆ ಗಾಳಿಯನ್ನು ಹೀರಿ ತೆಗೆದು ಆ ಎಳೆತದಿಂದಲೇ ಬಟ್ಟೆಗೆ ರೆಸಿನ್ ತುಂಬಿಸಿ, ಎರಕ ಮಾಡಿದೆವು. ನಲವತ್ತಕ್ಕೂ ಹೆಚ್ಚು ಪದರ ಬಟ್ಟೆಯನ್ನು ಹಾಸಿ, ಮೇಲೆ ಚೀಲ ಮುಚ್ಚಿ, ಅಂಚಿಗೆ ಸೀಲಿಂಗ್ ಟೇಪ್ ಒತ್ತಿ, ಪಂಪ್ ಓಡಿಸಿ, ಆಮೇಲೆ ಕವಾಟ ಮುಚ್ಚಿ ಮಾಪಕದ ಮುಳ್ಳನ್ನು ಕಾಯುತ್ತಾ ನಿಲ್ಲಬೇಕು. ಮುಳ್ಳು ಕೂದಲೆಳೆಯಷ್ಟು ಸರಿದರೂ ರೆಸಿನ್ ಬಿಡಬಾರದೆಂದು ನಾನು ಹಟ ಹಿಡಿಯುತ್ತಿದ್ದೆ. ಒಮ್ಮೆ ಆ ಹಟವನ್ನು ಸಡಿಲಿಸಿದ ದಿನ, ಗಟ್ಟಿಯಾದ ಫಲಕವನ್ನು ಬೆಳಕಿಗೆ ಹಿಡಿದಾಗ, ತಿಳಿ ಹಸಿರು ಮೈಯ ನಡುವೆ ಅಂಗೈಯಗಲದ ಬಿಳಿ ಮಚ್ಚೆ ಕಾಣಿಸಿತು: ರೆಸಿನ್ ತಲುಪದೆ ಒಣಗಿ ಉಳಿದ ಬಟ್ಟೆ. ಇಷ್ಟು ದಪ್ಪದ ಎರಕದಲ್ಲಿ ರೆಸಿನ್ ಗಟ್ಟಿಯಾಗುವಾಗ ಹುಟ್ಟುವ ಶಾಖವೂ ಹೊರಗೆ ಹೋಗಲಾರದೆ ನಡುವಿನ ಪದರಗಳನ್ನು ಸುಡುತ್ತದೆ, ಆದ್ದರಿಂದ ನಿಧಾನವಾಗಿ ಕೆಲಸ ಮಾಡುವ ಹಾರ್ಡನರ್ (ರೆಸಿನ್ ಗಟ್ಟಿಯಾಗಿಸುವ ದ್ರವ) ಬಳಸಿ ಇಡೀ ರಾತ್ರಿ ಕಾದೆವು.

ಮೊದಲ ಸ್ಫೋಟ ಪರೀಕ್ಷೆಯ ಬಳಿಕ ಚೌಕಟ್ಟಿನ ಹತ್ತಿರ ಹೋದಾಗ ಕಂಡದ್ದು ಈಗಲೂ ಕಣ್ಣ ಮುಂದಿದೆ. ನಾವು ಚಿಂತೆಪಟ್ಟಿದ್ದ ನಡುಭಾಗ ಬಿಳಚಿಕೊಂಡಿತ್ತು, ಆದರೆ ಎಲ್ಲೂ ತೂತಾಗಿರಲಿಲ್ಲ. ಬೋಲ್ಟುಗಳು ಒಂದೂ ಮುರಿಯದೆ ಚೌಕಟ್ಟಿನಲ್ಲೇ ನೆಟ್ಟಗೆ ನಿಂತಿದ್ದವು. ಆದರೆ ಫಲಕ ಅವುಗಳನ್ನು ಬಿಟ್ಟು ಹೋಗಿತ್ತು. ಪ್ರತಿ ರಂಧ್ರದಿಂದ ಅಂಚಿನವರೆಗೆ ಬೋಲ್ಟಿನಷ್ಟೇ ಅಗಲದ ಸೀಳು ಬಿದ್ದು, ಅದರ ಇಕ್ಕೆಲದಲ್ಲಿ ನಾರಿನ ಎಳೆಗಳು ಕುಂಚದ ಹಾಗೆ ಕೆದರಿಕೊಂಡಿದ್ದವು. ನಡುಭಾಗ ಮೇಲಕ್ಕೆ ಉಬ್ಬಿದಾಗ ಅಂಚುಗಳು ಒಳಮುಖವಾಗಿ ಎಳೆಯಲ್ಪಡುತ್ತವೆ. ಉಕ್ಕಾದರೆ ರಂಧ್ರದ ಸುತ್ತ ತುಸು ಹಿಗ್ಗಿ, ಹೊರೆಯನ್ನು ಪಕ್ಕದ ಬೋಲ್ಟುಗಳಿಗೆ ಹಂಚುತ್ತದೆ. ಸಂಯುಕ್ತ ವಸ್ತುವಿಗೆ ಹಾಗೆ ಹಿಗ್ಗುವ ಗುಣವಿಲ್ಲ, ಅತಿ ಹೆಚ್ಚು ಹೊರೆ ಬಿದ್ದ ರಂಧ್ರ ಮೊದಲು ಸೀಳುತ್ತದೆ, ಆಮೇಲೆ ಅದರ ಪಕ್ಕದ್ದು. ಉಕ್ಕಿನ ಕೆಲಸದ ರೂಢಿಯಂತೆ ರಂಧ್ರದ ನಡುವಿನಿಂದ ಅಂಚಿಗೆ ಬೋಲ್ಟಿನ ವ್ಯಾಸದ ಎರಡು ಪಟ್ಟು ಜಾಗವನ್ನಷ್ಟೇ ಬಿಟ್ಟವನು ನಾನೇ.

ಮುಂದಿನ ಹಲವು ತಿಂಗಳುಗಳ ದುಡಿಮೆಯೆಲ್ಲ ಅಂಚಿಗೇ ಮೀಸಲಾಯಿತು. ಅಂಚಿನ ಅಂತರವನ್ನು ವ್ಯಾಸದ ನಾಲ್ಕು ಪಟ್ಟಿಗೆ ಏರಿಸಿದೆವು. ರಂಧ್ರಗಳ ಸಾಲಿನಲ್ಲಿ 45 ಡಿಗ್ರಿ ಓರೆಯಾಗಿ ಹಾಸಿದ ಪದರಗಳನ್ನು ಸೇರಿಸಿದೆವು, ಏಕೆಂದರೆ ನೇರ ಮತ್ತು ಅಡ್ಡ ನಾರುಗಳಷ್ಟೇ ಇದ್ದರೆ ಬೋಲ್ಟು ಎರಡು ಎಳೆಗಳ ನಡುವೆ ಸುಲಭವಾಗಿ ದಾರಿ ಮಾಡಿಕೊಳ್ಳುತ್ತದೆ. ಬಿಡಿ ವಾಷರುಗಳ ಬದಲು ಅಂಚಿನುದ್ದಕ್ಕೂ ಉಕ್ಕಿನ ಪಟ್ಟಿಯನ್ನಿಟ್ಟು ಬಿಗಿದೆವು. ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಅಂಚನ್ನು ಊಟದ ತಟ್ಟೆಯ ಅಂಚಿನಂತೆ ಮೇಲಕ್ಕೆ ತಿರುಗಿಸಿ, ಚೌಕಟ್ಟಿನ ಹೊರಮೈಯನ್ನು ತಬ್ಬುವಂತೆ ಮಾಡಿದ್ದು. ಒಳಮುಖ ಎಳೆತವನ್ನು ಈಗ ಬೋಲ್ಟುಗಳಿಗಿಂತ ಚೌಕಟ್ಟೇ ಹೆಚ್ಚು ಹೊರುತ್ತದೆ. ಆ ತಿರುವು ತೀರ ಚೂಪಾದರೆ ಪದರಗಳು ಅಲ್ಲೇ ಬಾಯಿಬಿಡುತ್ತವೆ, ಆದ್ದರಿಂದ ಅದನ್ನು ಧಾರಾಳವಾಗಿ ದುಂಡಾಗಿಸಬೇಕಾಯಿತು. ಇಷ್ಟೆಲ್ಲ ಸೇರಿಸಿದ ಮೇಲೆ ತೂಕದ ಉಳಿತಾಯ ಅರ್ಧದಿಂದ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿಯಿತು. ಅದು ನಷ್ಟವೆಂದು ನನಗೆ ಅನಿಸಲಿಲ್ಲ, ಏಕೆಂದರೆ ಮೊದಲು ಹೇಳಿದ ಅರ್ಧ ಎಂದೂ ನಮ್ಮದಾಗಿರಲಿಲ್ಲ.

ಫಲಕ ಉಳಿದರೆ ಸಾಲದು, ಒಳಗಿರುವವರ ಕಾಲು ಉಳಿಯಬೇಕು. ಗಾಜುನಾರಿನ ಫಲಕ ಸ್ಫೋಟದ ಕ್ಷಣದಲ್ಲಿ ಬಹಳ ಉಬ್ಬಿ, ಮರುಕ್ಷಣ ತನ್ನ ಜಾಗಕ್ಕೆ ಮರಳುತ್ತದೆ. ಆಮೇಲೆ ಅಳತೆಪಟ್ಟಿ ಹಿಡಿದು ನೋಡಿದವರಿಗೆ ಏನೂ ಆಗಿಲ್ಲವೆಂಬ ಭ್ರಮೆ ಹುಟ್ಟುತ್ತದೆ. ಹಾಗಾಗಿ ಫಲಕದ ಮೇಲೆ ಬೇರೆ ಬೇರೆ ಎತ್ತರದ ಹಲ್ಲುಗಳಿರುವ ತೆಳು ಅಲ್ಯೂಮಿನಿಯಂ ಬಾಚಣಿಗೆಗಳನ್ನು ಜೋಡಿಸಿ, ಯಾವ ಹಲ್ಲಿನವರೆಗೆ ಬಾಗಿದೆ ಎಂಬುದರಿಂದ ನಿಜವಾದ ಉಬ್ಬನ್ನು ಓದುತ್ತಿದ್ದೆವು. ಸೇನಾ ವಾಹನದೊಳಗಿನವರ ರಕ್ಷಣೆಗಾಗಿ ಇರುವ ನೇಟೋದ ಸ್ಟ್ಯಾನಾಗ್ 4569 ಮಾನದಂಡಕ್ಕೆ ಹೊಂದಿಕೊಂಡ ಪರೀಕ್ಷಾ ವಿಧಾನದಲ್ಲಿ ಹೈಬ್ರಿಡ್ III ಮಾದರಿಯ ಪ್ರತಿಕೃತಿ ಮಾನವನ (ಪರೀಕ್ಷೆಗೆ ಕೂರಿಸುವ ಗೊಂಬೆ) ಕೆಳಗಾಲಿನ ಮೇಲೆ ಬೀಳುವ ಒತ್ತುಬಲಕ್ಕೆ 5.4 ಕಿಲೋನ್ಯೂಟನ್ ಮಿತಿಯಿದೆ. ಉಬ್ಬಿದ ತಳ ಪಾದವನ್ನು ಮುಟ್ಟಿತೆಂದರೆ ಆ ಮಿತಿಯೊಳಗೆ ಉಳಿಯುವುದು ಕಷ್ಟ. ಆದ್ದರಿಂದ ಕಾಲಿಡುವ ಹಲಗೆಯನ್ನು ತಳಕ್ಕೆ ತಾಗಿಸದೆ ಪಕ್ಕದ ಗೋಡೆಗಳಿಂದ ತೂಗುಹಾಕಬೇಕೆಂದು ನಾನು ವಿನ್ಯಾಸಗಾರರ ಬಳಿ ಪದೇಪದೇ ವಾದಿಸಿದೆ, ಕೊನೆಗೆ ಅವರು ಒಪ್ಪಿದರು.

ಸ್ಫೋಟದ ನಂತರ ಪದರಗಳು ಬಿಟ್ಟುಕೊಂಡ ಫಲಕವನ್ನು ನೋಡಿ ಸಹೋದ್ಯೋಗಿಯೊಬ್ಬರು ಇದು ಸೋತಿದೆ ಎಂದರು. ನನ್ನ ಅಭಿಪ್ರಾಯ ಬೇರೆ: ಪದರಗಳು ಒಂದರಿಂದೊಂದು ಬಿಡಿಸಿಕೊಳ್ಳುವಾಗಲೇ ಸಾಕಷ್ಟು ಶಕ್ತಿ ಖರ್ಚಾಗುತ್ತದೆ, ನಾರು ತುಂಡಾಗದೆ ಉಳಿದಿರುವವರೆಗೆ ಫಲಕ ತನ್ನ ಕೆಲಸ ಮಾಡಿದೆ. ಆದರೆ ಎರಡನೆಯ ಹೊಡೆತಕ್ಕೆ ಅದು ಮೊದಲಿನಷ್ಟು ಬಿಗಿಯಾಗಿರುವುದಿಲ್ಲ ಎಂಬುದೂ ನಿಜ, ಆದ್ದರಿಂದ ಒಮ್ಮೆ ಸ್ಫೋಟಕ್ಕೆ ಸಿಕ್ಕ ಫಲಕವನ್ನು ಬದಲಿಸಲೇಬೇಕೆಂದು ಕೈಪಿಡಿಯಲ್ಲಿ ಬರೆಸಿದೆ. ಪದರ ಎಲ್ಲಿಯವರೆಗೆ ಬಿಟ್ಟಿದೆ ಎಂದು ತಿಳಿಯಲು ಅಲ್ಟ್ರಾಸಾನಿಕ್ ಯಂತ್ರವಿದೆ. ಅದಕ್ಕೂ ಮೊದಲು ನಾಣ್ಯದಿಂದ ಕುಟ್ಟುತ್ತಾ ಹೋಗುತ್ತೇನೆ. ಗಟ್ಟಿ ಜಾಗ ಟಣ್ಣೆನ್ನುತ್ತದೆ, ಬಿಟ್ಟ ಜಾಗ ಡೊಬ್ಬೆನ್ನುತ್ತದೆ, ಮೇಲ್ಪದರದ ದೋಷವಾದರೆ ಆ ಗಡಿಯನ್ನು ಸೀಮೆಸುಣ್ಣದಿಂದ ಗುರುತು ಮಾಡಿಕೊಳ್ಳಬಹುದು.

ಈಗ ಕೈಯಲ್ಲಿರುವ ಕೆಲಸ ತೇವದ್ದು. ಕೊರೆದ ರಂಧ್ರಗಳ ಒಳಮೈಯಲ್ಲಿ ನಾರಿನ ತುದಿಗಳು ತೆರೆದುಕೊಂಡಿರುತ್ತವೆ, ಅಲ್ಲಿಂದ ನೀರು ಒಳಗಿಳಿದು ಗಾಜು ಮತ್ತು ರೆಸಿನ್‌ನ ಬೆಸುಗೆಯನ್ನು ಸಡಿಲಿಸುತ್ತದೆ. ಪ್ರತಿ ರಂಧ್ರಕ್ಕೂ ರೆಸಿನ್ ಸವರಿ, ಒಣಗಿಸಿ, ಮತ್ತೊಮ್ಮೆ ಸವರಿದ ಫಲಕಗಳು ನೀರಿನ ತೊಟ್ಟಿಯಲ್ಲಿ ಮುಳುಗಿವೆ. ನಿಗದಿತ ದಿನಗಳಿಗೊಮ್ಮೆ ಹೊರತೆಗೆದು, ಒರೆಸಿ, ತೂಗಿ, ಮತ್ತೆ ಮುಳುಗಿಸುತ್ತಿದ್ದೇನೆ.