ಸಕ್ಕರೆಯ ಹಿಂದೆ ಹೋದ ಪಟ್ಟಿ

ಒಂದು ಪದವನ್ನು ಅನುವಾದ ತಂತ್ರಾಂಶಕ್ಕೆ ಕೊಟ್ಟು ಭಾಷೆ ಬದಲಾಯಿಸುತ್ತ ಹೋದರೆ ಒಂದು ಸಂಜೆಯಲ್ಲಿ ಉದ್ದದ ಪಟ್ಟಿ ಸಿದ್ಧವಾಗುತ್ತದೆ. ಅಂಥ ಪಟ್ಟಿಗಳು ಬೇಕಾದಷ್ಟಿವೆ. ಅವುಗಳಲ್ಲಿ ಭಾಷೆಗಳು ಅಕಾರಾದಿಯಾಗಿ ಸಾಲು ನಿಂತಿರುತ್ತವೆ; ಯಾವ ಪದ ಯಾವುದಕ್ಕೆ ನೆಂಟ, ಯಾವುದು ಯಾರ ಕೈದಾಟಿ ಬಂತು ಎಂಬುದು ಮಾತ್ರ ತಿಳಿಯುವುದಿಲ್ಲ. ನನಗೆ ಬೇಕಾಗಿದ್ದದ್ದು ಅದೇ. ಹಾಗಾಗಿ 'ಸಕ್ಕರೆ' ಎಂಬ ಒಂದೇ ಪದವನ್ನು ಹಿಡಿದು, ನನ್ನದೇ ಕ್ರಮದಲ್ಲಿ ಪಟ್ಟಿ ಕಟ್ಟತೊಡಗಿದೆ. ಈ ಬಗೆಯ ಕೆಲಸ ಮಾಡಬೇಕೆನ್ನುವವರಿಗೆ ಉಪಯೋಗವಾಗಲೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪದದ ಆಯ್ಕೆ. ನೀರು, ಬೆಂಕಿ, ಕಣ್ಣು, ಕೈ ಇಂಥವನ್ನು ಬೇಕೆಂದೇ ಬಿಟ್ಟೆ. ಅಮೆರಿಕದ ಭಾಷಾವಿಜ್ಞಾನಿ ಮಾರಿಸ್ ಸ್ವಾಡೆಶ್ 1950ರ ದಶಕದಲ್ಲಿ ರೂಪಿಸಿದ ಮೂಲಪದಗಳ ಪಟ್ಟಿಯಲ್ಲಿ ಇವೆಲ್ಲ ಇವೆ. ಇಂಥ ಪದಗಳನ್ನು ಜನ ಬೇರೆ ಭಾಷೆಯಿಂದ ತರುವುದು ಅಪರೂಪ. ಆದ್ದರಿಂದಲೇ ಭಾಷೆಗಳ ರಕ್ತಸಂಬಂಧ ನೋಡಲು ಅವು ಒಳ್ಳೆಯವು. ನಾನು ಹುಡುಕುತ್ತಿದ್ದದ್ದು ಸರಕಿನ ಮೂಟೆಯ ಜೊತೆ ಹಡಗು ಹತ್ತಿ, ಬಂದರು ಇಳಿದು, ಸಿಕ್ಕ ಭಾಷೆಯಲ್ಲೆಲ್ಲ ಮನೆ ಮಾಡಿಕೊಂಡ ಪದವನ್ನು. ಸಕ್ಕರೆಗಿಂತ ಒಳ್ಳೆಯದು ನನಗೆ ಹೊಳೆಯಲಿಲ್ಲ.

ಆಮೇಲೆ ಮಾಡಬೇಕಾದದ್ದು ವಸ್ತುವನ್ನು ಗೊತ್ತುಮಾಡಿಕೊಳ್ಳುವ ಕೆಲಸ. ಇದನ್ನು ಬಿಟ್ಟು ಮುಂದೆ ಹೋಗಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನಾನು ಒಂದು ಸಾಲು ಬರೆದಿಟ್ಟುಕೊಂಡೆ: 'ಹರಳು ಹರಳಾಗಿ ಸಿಗುವ, ಕುಡಿಯುವುದಕ್ಕೆ ಹಾಕಿ ಕಲಕುವ ಬಿಳಿಯ ಸಿಹಿ ಪದಾರ್ಥ.' ಯಾವ ಭಾಷಿಕರನ್ನು ಕೇಳಿದರೂ 'ಸಕ್ಕರೆಗೆ ಏನಂತೀರಿ' ಎಂದು ಕೇಳದೆ, 'ಇದಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿ ಎಂದು ನಿಮ್ಮಲ್ಲಿ ಹೇಗೆ ಹೇಳುತ್ತೀರಿ' ಎಂದು ಕೇಳುತ್ತಿದ್ದೆ. ಕೂಡಲೇ ಇನ್ನೆರಡು ಪ್ರಶ್ನೆ: ಅದೇ ಗಟ್ಟಿಯಾಗಿ ತುಂಡಾಗಿದ್ದರೆ ಏನು? ಮಕ್ಕಳು ಬಾಯಲ್ಲಿಟ್ಟು ಚೀಪುವುದಕ್ಕೆ ಏನು?

ಈ ಮೂರು ಪ್ರಶ್ನೆಗಳು ತುಂಬ ವಿಷಯಗಳನ್ನು ಬಿಡಿಸಿಕೊಟ್ಟವು. ಪಾರಸಿಯಲ್ಲಿ ಹರಳಿಗೆ 'ಶೆಕರ್', ತುಂಡಿಗೆ 'ಕಂದ್'. ಈ ಕಂದ್ ನಮ್ಮ 'ಖಂಡ'ವೇ. ಅದು ಅರಬ್ಬಿಯ ಮೂಲಕ ಯುರೋಪಿಗೆ ಹೋಗಿ ಇಂಗ್ಲಿಷಿನ 'ಕ್ಯಾಂಡಿ' ಆಯಿತು. ಕಜಕ್ ಭಾಷೆಯಲ್ಲಂತೂ 'ಕಂತ್' ಎಂಬುದೇ ಸಕ್ಕರೆಯ ಸಾಮಾನ್ಯ ಹೆಸರು. ಚೀನಿಯ 'ಥಾಂಗ್' ಸಕ್ಕರೆಗೂ ಸಲ್ಲುತ್ತದೆ, ಚೀಪುವ ಮಿಠಾಯಿಗೂ ಸಲ್ಲುತ್ತದೆ. ಮಂಗೋಲಿಯನ್ನರ 'ಚಿಖೆರ್' ಕೂಡ ಹಾಗೆಯೇ. ಹರಳಿನದ್ದೇ ಎಂದು ಸ್ಪಷ್ಟಪಡಿಸಬೇಕಾದರೆ 'ಎಲ್ಸೆನ್ ಚಿಖೆರ್', ಅಂದರೆ ಮರಳಿನ ಸಕ್ಕರೆ ಎನ್ನುತ್ತಾರೆ. ಮಲಯ ಮತ್ತು ಇಂಡೋನೇಷ್ಯಾದ 'ಗುಲಾ' ಬಂದದ್ದು ಸಂಸ್ಕೃತದ 'ಗುಡ'ದಿಂದ. ಅಲ್ಲಿ ತಾಳೆಯ ಬೆಲ್ಲವೂ ಗುಲಾ, ಬಿಳಿ ಸಕ್ಕರೆಯೂ ಗುಲಾ. ಹಿಂದೆ ಮುಂದೆ ಒಂದು ವಿಶೇಷಣ ಸೇರಿದರೆ ಸಾಕು. 'ಸಕ್ಕರೆ ಎಂದರೆ ಗುಲಾ' ಎಂದು ಒಂದು ಗೆರೆಯಲ್ಲಿ ಬರೆದು ಮುಂದೆ ಹೋದರೆ ಇದೆಲ್ಲ ಮುಚ್ಚಿಹೋಗುತ್ತದೆ.

ಮರಳಿನ ಮಾತು ಬಂತು, ಅದನ್ನು ಮುಗಿಸಿಬಿಡುತ್ತೇನೆ. ಸಂಸ್ಕೃತದ 'ಶರ್ಕರಾ' ಎಂಬ ಪದಕ್ಕೆ ಮೊದಲಿದ್ದ ಅರ್ಥ ನೊರಜುಗಲ್ಲು, ಹರಳು. ಕಬ್ಬಿನ ರಸ ಕಾಯಿಸಿ ಹರಳುಗಟ್ಟಿಸುವುದನ್ನು ಕಲಿತ ಮೇಲೆ ಆ ಹೆಸರು ಇದಕ್ಕೂ ಬಂತು. ಪ್ರಾಕೃತದ 'ಸಕ್ಖರಾ'ದ ದಾರಿಯಲ್ಲಿ ಅದು ನಮ್ಮ ಸಕ್ಕರೆಯಾಯಿತು. ಜಪಾನಿಯರ 'ಸತೋ' ಎಂಬುದರಲ್ಲಿ ಮೊದಲ ಅಕ್ಷರದ ಅರ್ಥ ಮರಳು. ಟಿಬೆಟ್ಟಿನವರ ಪದದ ಮೊದಲ ಭಾಗವಾದ 'ಚೆಮಾ' ಎಂದರೂ ಮರಳು, ಅದಕ್ಕೆ ಅಂಟಿದ 'ಕರಾ' ಶರ್ಕರೆಯ ಬಾಲ. ರಷ್ಯನ್ನರು ಹರಳು ಸಕ್ಕರೆಗೆ 'ಸಾಖರ್ನಿ ಪೆಸೋಕ್', ಸಕ್ಕರೆ ಮರಳು ಎನ್ನುತ್ತಾರೆ. ಕಿರ್ಗಿಜ್ ಭಾಷೆಯ 'ಕುಮ್‌ಶೆಕೆರ್' ಎಂಬುದರಲ್ಲೂ 'ಕುಮ್' ಎಂದರೆ ಮರಳೇ. ಇವರೆಲ್ಲ ಒಬ್ಬರನ್ನೊಬ್ಬರು ನೋಡಿ ಹೇಳಿದರೋ, ಕೈಗೆ ಹರಳು ತಾಕಿದಾಗ ಅವರವರಿಗೇ ಹೊಳೆಯಿತೋ ಎಂದು ನಾನು ತೀರ್ಪು ಕೊಡಲು ಹೋಗಿಲ್ಲ. ಪಟ್ಟಿಯಲ್ಲಿ 'ಮರಳು' ಎಂಬ ಒಂದು ಗುರುತು ಹಾಕಿ ಬಿಟ್ಟಿದ್ದೇನೆ.

ಇನ್ನು ಸಾಧನಗಳು. ಅನುವಾದ ತಂತ್ರಾಂಶವನ್ನು ನಾನು ಸುಳಿವಿಗಷ್ಟೇ ಬಳಸುತ್ತೇನೆ. ಬಹಳಷ್ಟು ಭಾಷಾಜೋಡಿಗಳ ನಡುವೆ ಅದು ಇಂಗ್ಲಿಷಿನ ಮೂಲಕವೇ ಹಾದುಹೋಗುವುದರಿಂದ, ಮೂಲದಲ್ಲಿದ್ದ ಭೇದಗಳು ನಡುದಾರಿಯಲ್ಲಿ ಉದುರುತ್ತವೆ. ಸಿಕ್ಕ ಪದವನ್ನು ಆ ಭಾಷೆಯ ನಿಘಂಟಿನಲ್ಲಿ ತಿರುಗಿಸಿ ನೋಡುತ್ತೇನೆ: ಆ ಪದದಿಂದ ಹೊರಟರೆ ಮತ್ತೆ ಸಕ್ಕರೆಗೇ ಬರುತ್ತೇನೆಯೇ? ಎರವಲು ಪದಗಳನ್ನು ನೋಡಲು 2009ರಲ್ಲಿ ಬಂದ ವರ್ಲ್ಡ್ ಲೋನ್‌ವರ್ಡ್ ಡೇಟಾಬೇಸ್ ಒಳ್ಳೆಯ ಮಾದರಿ. 41 ಭಾಷೆಗಳಷ್ಟೇ ಇದ್ದರೂ ಪ್ರತಿ ಪದ ಎರವಲೇ ಅಲ್ಲವೇ, ಎಷ್ಟು ಖಚಿತ ಎಂಬುದನ್ನು ಅದರಲ್ಲಿ ಶ್ರೇಣಿ ಕೊಟ್ಟು ಹೇಳಿದ್ದಾರೆ. ಆ ಶ್ರೇಣಿಯ ಕ್ರಮವನ್ನು ನಾನೂ ಇಟ್ಟುಕೊಂಡೆ.

ಭಾಷಿಕರ ಬಾಯಲ್ಲಿ ಬರುವ ರೂಪವೂ ನಿಘಂಟಿನ ರೂಪವೂ ಒಂದೇ ಆಗಿರುವುದಿಲ್ಲ. ಬಾಸ್ಕ್ ನಿಘಂಟಿನಲ್ಲಿ 'ಅಸುಕ್ರೆ' ಇದ್ದರೆ ಬಾಸ್ಕ್ ಮಾತಾಡುವವರು 'ಅಸುಕ್ರೆಆ' ಎಂದೇ ಹೇಳುತ್ತಾರೆ. ಕೊನೆಯ 'ಆ' ಅವರ ವ್ಯಾಕರಣದ ಪ್ರತ್ಯಯ. ಜುಲು ಭಾಷೆಯ 'ಉಶುಕೆಲ', ಖೋಸಾದ 'ಇಸ್ವೆಕಿಲೆ' ಇವುಗಳಲ್ಲಿ ಮೊದಲಿನ ಉ, ಇ ನಾಮಪದಕ್ಕೆ ಕಡ್ಡಾಯವಾಗಿ ಬರುವ ಪೂರ್ವಪ್ರತ್ಯಯಗಳು. ಎರಡನ್ನೂ ಬರೆದುಕೊಂಡು, ಯಾವುದು ಯಾವುದೆಂದು ಗುರುತು ಮಾಡಬೇಕು.

ಕನ್ನಡ ಲಿಪಿಯಲ್ಲಿ ಬರೆಯುವುದು ನನಗೆ ಈ ಕೆಲಸದ ಅತ್ಯಂತ ಪ್ರಿಯವಾದ ಭಾಗ. ನಮ್ಮ ಲಿಪಿ ಹ್ರಸ್ವ ದೀರ್ಘಗಳನ್ನು, ಒತ್ತಕ್ಷರವನ್ನು ಸೊಗಸಾಗಿ ಹಿಡಿಯುತ್ತದೆ. ಅರಬ್ಬಿಯ 'ಸುಕ್ಕರ್', ಇಟಾಲಿಯನ್ನಿನ 'ತ್ಸುಕ್ಕೆರೊ' ಇವುಗಳ ಇಮ್ಮಡಿ ವ್ಯಂಜನ ಕನ್ನಡದಲ್ಲಿ ಕಣ್ಣಿಗೇ ಕಾಣುತ್ತದೆ. ಗ್ರೀಕಿನ 'ಜ಼ಾಖರಿ'ಗೆ ನುಕ್ತ, ಅಂದರೆ ಅಕ್ಷರದ ಕೆಳಗೆ ಇಡುವ ಚುಕ್ಕೆ ಬೇಕು. ಅಲ್ಲಿನ ಖ ನಮ್ಮ ಮಹಾಪ್ರಾಣದ ಹಾಗಿಲ್ಲ, ಗಂಟಲು ಉಜ್ಜಿಕೊಂಡು ಬರುವ ಸದ್ದು. ವಿಯೆಟ್ನಾಮಿಯ ಪದದ ಇಳಿಯುವ ಸ್ವರಕ್ಕೆ ನಮ್ಮಲ್ಲಿ ಚಿಹ್ನೆಯೇ ಇಲ್ಲ. ಹಾಗಾಗಿ ಮೂರು ಕಂಬ ಸಾಲು ಮಾಡಿದೆ: ಆ ಭಾಷೆಯ ಸ್ವಂತ ಲಿಪಿ, ಅಂತಾರಾಷ್ಟ್ರೀಯ ಧ್ವನಿಲಿಪಿ, ಕನ್ನಡ. ಮೂರರಲ್ಲಿ ಯಾವುದನ್ನು ಬಿಟ್ಟರೂ ಮುಂದೆ ಪದಗಳನ್ನು ಹೋಲಿಸುವಾಗ ಕಷ್ಟ.

ಪಟ್ಟಿ ತುಂಬಿದ ಮೇಲೆ ಜೋಡಿಸುವ ಪ್ರಶ್ನೆ. ಭಾಷಾಕುಟುಂಬಗಳ ಪ್ರಕಾರ ಜೋಡಿಸಿ ನೋಡಿದೆ, ಏನೂ ಹೊಂದಲಿಲ್ಲ. ಸ್ಲಾವ್ ಭಾಷೆಗಳನ್ನೇ ನೋಡಿ: ಅಕ್ಕತಂಗಿಯರಂಥ ಭಾಷೆಗಳು ಅವು. ಆದರೆ ರಷ್ಯನ್ನಿನಲ್ಲಿ 'ಸಾಖರ್', ಉಕ್ರೇನಿಯನ್ನಿನಲ್ಲಿ 'ತ್ಸುಕೊರ್', ಸರ್ಬಿಯನ್ನಿನಲ್ಲಿ 'ಶೆಚೆರ್', ಸ್ಲೊವೇನಿಯನ್ನಿನಲ್ಲಿ 'ಸ್ಲಾಡ್ಕೊರ್'. ನಾಲ್ಕು ನಾಲ್ಕು ದಿಕ್ಕು! ದಾರಿಯ ಪ್ರಕಾರ ಜೋಡಿಸಿದ ಕೂಡಲೇ ಎಲ್ಲ ಬಿಡಿಸಿಕೊಂಡಿತು. ರಷ್ಯನ್, ಬಲ್ಗೇರಿಯನ್, ರೊಮೇನಿಯನ್ ಪದಗಳು ಗ್ರೀಕಿನ ಕಡೆಯಿಂದ ಬಂದವು. ಸರ್ಬಿಯನ್ ಮತ್ತು ಅಲ್ಬೇನಿಯನ್ ಪದಗಳು ತುರ್ಕಿಯ 'ಶೆಕೆರ್' ಮೂಲಕ ಪಾರಸಿಯಿಂದ ಬಂದವು. ಅಲ್ಲಿ ಆಳಿದ್ದು ಆಟೊಮನ್ನರು. ಉಕ್ರೇನಿನದ್ದು ಜರ್ಮನಿ, ಪೋಲೆಂಡ್ ದಾಟಿ ಬಂದದ್ದು. ಜರ್ಮನ್ನರಿಗೆ ಇಟಲಿಯಿಂದ, ಇಟಲಿಗೆ ಅರಬರಿಂದ. ಸ್ಲೊವೇನಿಯನ್ನರು ಮಾತ್ರ 'ಸಿಹಿ' ಎಂಬ ತಮ್ಮದೇ ಪದದಿಂದ ಹೊಸದನ್ನು ಕಟ್ಟಿಕೊಂಡರು. ಇಷ್ಟು ನೋಡಿದ ಮೇಲೆ ಸರಕಿನ ಪದಗಳನ್ನು ವಂಶವೃಕ್ಷದಲ್ಲಿ ಹುಡುಕುವ ಯೋಚನೆಯನ್ನೇ ಬಿಟ್ಟು, ದೊಡ್ಡ ನಕ್ಷೆಯೊಂದನ್ನು ಹರಡಿ ಬಾಣದ ಗುರುತು ಹಾಕತೊಡಗಿದೆ.

ಸ್ಪೇನಿನ ಬಾಣ ನೋಡುವಂಥದ್ದು. ಇಟಲಿಯಲ್ಲಿ 'ತ್ಸುಕ್ಕೆರೊ', ಆದರೆ ಸ್ಪ್ಯಾನಿಷ್‌ನಲ್ಲಿ 'ಅಸೂಕರ್', ಪೋರ್ಚುಗೀಸಿನಲ್ಲಿ 'ಅಸೂಕಾರ್'. ಮೊದಲಿಗೆ ಸೇರಿದ 'ಅ' ಅರಬ್ಬಿಯ ಉಪಪದ, ಇಂಗ್ಲಿಷಿನಲ್ಲಿ ನಾಮಪದದ ಹಿಂದೆ ಬರುವ 'ದಿ' ಇದ್ದ ಹಾಗೆ. 'ಅಲ್' ಎಂಬುದು ಸಕಾರದ ಮುಂದೆ 'ಅಸ್' ಆಗುತ್ತದೆ: ಅಸ್‌ಸುಕ್ಕರ್. ಐಬೀರಿಯಾದಲ್ಲಿ ಜನ ಉಪಪದ ಸಮೇತ ಕೇಳಿ ಕಲಿತರು, ಇಟಲಿಯವರು ಅದನ್ನು ಬಿಟ್ಟು ಕಲಿತರು. ಹತ್ತಿಯಲ್ಲೂ ಹೀಗೆಯೇ ಆಗಿದೆ, ಸ್ಪೇನಿನಲ್ಲಿ 'ಅಲ್ಗೊದೋನ್', ಇಟಲಿಯಲ್ಲಿ 'ಕೊತೊನೆ'. ಆ 'ಅ' ಸಾಗರ ದಾಟಿಯೂ ಉಳಿದಿದೆ. ಫಿಲಿಪೀನ್ಸಿನ ಟಗಾಲೊಗ್ ಭಾಷೆಯಲ್ಲಿ ಸಕ್ಕರೆಗೆ 'ಅಸುಕಲ್' ಎನ್ನುತ್ತಾರೆ.

ಇಂಗ್ಲಿಷಿಗೆ ಒಂದೇ ಶರ್ಕರೆ ಮೂರು ಬಾಗಿಲಿನಿಂದ ಬಂದಿದೆ. ಅರಬ್ಬಿ, ಫ್ರೆಂಚ್ ಮೂಲಕ ಬಂದದ್ದು 'ಶುಗರ್'. ಪೋರ್ಚುಗೀಸ್ ವ್ಯಾಪಾರಿಗಳು ದಕ್ಷಿಣ ಭಾರತದ ಕರಾವಳಿಯಲ್ಲಿ ಕೇಳಿಸಿಕೊಂಡು ಒಯ್ದದ್ದು 'ಜ್ಯಾಗರಿ', ಅಂದರೆ ನಮ್ಮ ಬೆಲ್ಲ. ಗ್ರೀಕ್ ಮತ್ತು ಲ್ಯಾಟಿನ್ ಗ್ರಂಥಗಳಲ್ಲಿ ಉಳಿದುಕೊಂಡಿದ್ದ 'ಸಕ್ಖರೊನ್' ಮೂರನೆಯದು. ರೋಮನ್ ಲೇಖಕ ಪ್ಲಿನಿ ಮೊದಲನೆಯ ಶತಮಾನದಲ್ಲಿ ಅದನ್ನು ಜೊಂಡಿನಲ್ಲಿ ಸಿಗುವ ಜೇನು ಎಂದು ವರ್ಣಿಸಿ, ಔಷಧಕ್ಕಷ್ಟೇ ಬಳಸುತ್ತಾರೆ ಎಂದಿದ್ದಾನೆ. 1879ರಲ್ಲಿ ಕಂಡುಹಿಡಿದ ಕೃತಕ ಸಿಹಿಗೆ 'ಸ್ಯಾಕರಿನ್' ಎಂದು ಹೆಸರಿಟ್ಟದ್ದು ಅಲ್ಲಿಂದಲೇ.

ಪೂರ್ವದ ಕಡೆಯಲ್ಲಿ ಬೇರೆಯೇ ಕಥೆ. ಚೀನಾದ ಟಾಂಗ್ ಚಕ್ರವರ್ತಿ ತಾಯ್‌ಝೊಂಗ್ 647ರಲ್ಲಿ ಸಕ್ಕರೆ ಮಾಡುವ ವಿದ್ಯೆ ಕಲಿತು ಬರಲು ಮಗಧಕ್ಕೆ ದೂತರನ್ನು ಕಳಿಸಿದ ದಾಖಲೆ ಆ ದೇಶದ ಅಧಿಕೃತ ಇತಿಹಾಸದಲ್ಲಿದೆ. ವಿದ್ಯೆ ಹೋಯಿತು, ಪದ ಹೋಗಲಿಲ್ಲ! ಧಾನ್ಯದಿಂದ ಮಾಡುತ್ತಿದ್ದ ಸಿಹಿಗೆ ಅವರಲ್ಲಿ ಆಗಲೇ ಇದ್ದ 'ಥಾಂಗ್' ಎಂಬ ಹೆಸರನ್ನೇ ಇದಕ್ಕೂ ಕೊಟ್ಟರು. ವಿಯೆಟ್ನಾಮಿ, ಜಪಾನಿ, ಕೊರಿಯನ್ ಭಾಷೆಗಳಿಗೆ ಹೋದದ್ದು ಆ ಪದ. ಕೊರಿಯನ್ನರ 'ಸೊಲ್ತಾಂಗ್'ನಲ್ಲಿ 'ಸೊಲ್' ಎಂದರೆ ಹಿಮ. ಇತ್ತ ಹಿಂದಿ, ಬಂಗಾಳಿಗಳಲ್ಲಿ ಬಿಳಿ ಸಕ್ಕರೆಗೆ ಬಂದ ಹೆಸರು 'ಚೀನಿ', ಚೀನಾದ್ದು ಎಂದು. ಕಲ್ಲುಸಕ್ಕರೆಗೆ 'ಮಿಶ್ರೀ', ಮಿಸ್ರ್ ಅಂದರೆ ಈಜಿಪ್ಟಿನದ್ದು ಎಂದು. ಶರ್ಕರಾ ಹುಟ್ಟಿದ ನೆಲದಲ್ಲೇ ಹೀಗಾಗಿರುವುದನ್ನು ನಕ್ಷೆಯಲ್ಲಿ ತೋರಿಸಲು ಎರಡೂ ಕಡೆ ಮೊನೆಯಿರುವ ಬಾಣ ಬೇಕಾಯಿತು.

ಬಾಣವೇ ತಲುಪದ ಭಾಷೆಗಳೆಂದರೆ ನನಗೆ ಇನ್ನೂ ಪ್ರೀತಿ. ಮಡಗಾಸ್ಕರಿನ ಮಲಗಾಸಿಯಲ್ಲಿ ಸಕ್ಕರೆಗೆ 'ಸಿರಮಾಮಿ': 'ಸಿರ' ಉಪ್ಪು, 'ಮಾಮಿ' ಸಿಹಿ. ಉತ್ತರ ಅಮೆರಿಕದ ನವಾಹೊ ಭಾಷೆಯ 'ಆಶೀಂಹ್ ಹ್ಲಿಕನ್' ಎಂಬುದಕ್ಕೂ ಸಿಹಿ ಉಪ್ಪು ಎಂದೇ ಅರ್ಥ. ಒಂದು ಹಿಂದೂ ಮಹಾಸಾಗರದ ದ್ವೀಪ, ಇನ್ನೊಂದು ಮರುಭೂಮಿಯ ನೆಲ. ಎರಡು ಕಡೆಯವರೂ ಬಿಳಿಯ ಹರಳನ್ನು ನೋಡಿ, ತಮಗೆ ಗೊತ್ತಿದ್ದ ಬಿಳಿಯ ಹರಳಿನ ಹೆಸರಿಟ್ಟು, ರುಚಿಯನ್ನು ಜೊತೆಗೆ ಸೇರಿಸಿದರು. ಥಾಯ್ ಮತ್ತು ಲಾವೊ ಭಾಷೆಗಳ 'ನಾಮ್ ತಾನ್' ಎಂದರೆ ತಾಳೆಯ ನೀರು; ಕಬ್ಬಿನ ಸಕ್ಕರೆಗೂ ಈಗ ಅದೇ ಹೆಸರು. ಹವಾಯಿಯಲ್ಲಿ 'ಕೋಪಆ', ಗಟ್ಟಿಯಾದ ಕಬ್ಬು.

ಹೊಸದಾಗಿ ಶುರುಮಾಡುವವರು ಎಚ್ಚರವಹಿಸಬೇಕಾದ ಜಾಗವೊಂದಿದೆ. ನ್ಯೂಜಿಲೆಂಡಿನ ಮಾವೊರಿ ಭಾಷೆಯಲ್ಲಿ ಸಕ್ಕರೆಗೆ 'ಹುಕ' ಎನ್ನುತ್ತಾರೆ. ಅದೇ ಹುಕ ಎಂಬುದಕ್ಕೆ ನೊರೆ, ಹಿಮ ಎಂಬ ಹಳೆಯ ಅರ್ಥವೂ ಇದೆ. ಕೊರಿಯನ್ ಪದದಲ್ಲಿ ಹಿಮವಿರುವುದನ್ನು ನೋಡಿದ ಕಣ್ಣಿಗೆ, ಇಲ್ಲೂ ಹಿಮವೇ ಸಕ್ಕರೆಯಾಯಿತು ಎಂದು ಕಥೆ ಕಟ್ಟಲು ಮನಸ್ಸಾಗುತ್ತದೆ. ಆಗ ಆ ಭಾಷೆಯ ಬೇರೆ ಎರವಲುಗಳನ್ನು ತೆಗೆದು ನೋಡಬೇಕು. ಮಾವೊರಿಯಲ್ಲಿ ಸಕಾರವಿಲ್ಲ, ಗಕಾರವಿಲ್ಲ. ಇಂಗ್ಲಿಷಿನ ಶೀಪ್ ಅಲ್ಲಿ 'ಹಿಪಿ', ಶೂ ಅಲ್ಲಿ 'ಹೂ'. ಹಾಗಾದರೆ ಶುಗರ್ 'ಹುಕ' ಆಗುವುದು ಕ್ರಮಬದ್ಧವೇ. ನೆಂಟ ಭಾಷೆಯಾದ ಸಮೋವನ್ನಿನಲ್ಲಿ ಸಕಾರವಿದೆ, ಅಲ್ಲಿ ಅದು 'ಸುಕ'. ಒಂದೇ ಪದದ ಹೋಲಿಕೆಯಿಂದ ನಾನು ಯಾವ ಬಾಣವನ್ನೂ ಎಳೆಯುವುದಿಲ್ಲ. ಅದೇ ಧ್ವನಿ ಬದಲಾವಣೆ ಇನ್ನೆರಡು ಪದಗಳಲ್ಲಾದರೂ ಕಾಣಬೇಕು, ಎರಡು ಜನ ಎಲ್ಲಿ ಸೇರಿದರು ಎಂಬುದಕ್ಕೆ ಚರಿತ್ರೆಯ ಆಧಾರವೂ ಇರಬೇಕು. ಎರಡೂ ಇಲ್ಲದ ಪದ ಪಟ್ಟಿಯಲ್ಲಿರುತ್ತದೆ, ಅದರ ಮುಂದಿನ ಮನೆ ಖಾಲಿ ಇರುತ್ತದೆ.

ಈಗ ಹತ್ತಿಯನ್ನು ಕೈಗೆತ್ತಿಕೊಂಡಿದ್ದೇನೆ. ಸಂಸ್ಕೃತದ 'ಕಾರ್ಪಾಸ' ಒಂದು ಕಡೆ ಗ್ರೀಕಿಗೆ, ಇನ್ನೊಂದು ಕಡೆ ಮಲಯದ 'ಕಪಸ್' ಆಗಿ ದ್ವೀಪಗಳಿಗೆ ಹೋಗಿದೆ. ಅರಬ್ಬಿಯ 'ಕುತ್ನ್' ಯುರೋಪಿನ ಕಡೆಗೆ ಹೊರಟಿದೆ. ಈ ಸಲ ನಕ್ಷೆಯನ್ನು ಮೊದಲೇ ಹರಡಿಟ್ಟಿದ್ದೇನೆ. ಪ್ರಶ್ನೆಗಳೂ ಸಿದ್ಧವಾಗಿವೆ: ಗಿಡಕ್ಕೆ ಏನು, ಬಿಡಿಸಿದ ಅರಳೆಗೆ ಏನು, ನೂತ ನೂಲಿಗೆ ಏನು, ನೇಯ್ದ ಬಟ್ಟೆಗೆ ಏನು?